ಕಟಿಂಗ್ ಪಟ್ಟಿಯ ಮೇಲೆ ದಿನಾ ಗೀಚಾಟ: ನನ್ನ ಅನುಭವ

ದಿನಾ ಗೀಚುವ ಅಭ್ಯಾಸ ನನ್ನ ಕೈಗೆ ಕೂತಿದೆ. ಸೀಸನ್ ಇರಲಿ, ಕರೆಂಟ್ ಹೋಗಲಿ, ಕಾರ್ಡ್ ಕತ್ತರಿಸಿ ಉಳಿದ ಕಾಗದದ ಪಟ್ಟಿಯ ಮೇಲೆ ದಿನಕ್ಕೊಂದಾದರೂ ಗೀಚಾಟ ಆಗಿಯೇ ಆಗುತ್ತದೆ. ಅದರಿಂದ ಮದುವೆ ಕಾರ್ಡಿನ ಬಾರ್ಡರ್ ಹುಟ್ಟುತ್ತದೆ, ಬಾರ್ಡರಿನಿಂದ ದುಡ್ಡೂ ಬರುತ್ತಿದೆ. "ಇದು ಎರಡು ದಿನದ ಹುಚ್ಚು" ಅಂದವರೇ ಈಗ ಹೇಗೆ ಮಾಡ್ತೀಯ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯಲು ಕೂತೆ. ಡೂಡ್ಲಿಂಗ್ ಅಂದರೆ ಹೀಗೆ ಮನಸ್ಸಿಗೆ ಬಂದಂತೆ ಗೀಚುವುದು, ಯಾವ ಪೆನ್ ಹೇಗೆ ಬರೆಯುತ್ತದೆ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದರ ಗೋಜಿಗೆ ಹೋಗಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಪಾಲುದಾರನೊಬ್ಬನ ಜೊತೆ ಸಣ್ಣ ಪ್ರೆಸ್ ನಡೆಸುತ್ತೇನೆ. ಒಂದು ಮಿನಿ ಆಫ್‌ಸೆಟ್ ಅಚ್ಚಿನ ಮೆಷಿನ್, ಒಂದು ಸ್ಕ್ರೀನ್ ಪ್ರಿಂಟಿಂಗ್ ಟೇಬಲ್, ಕಟಿಂಗ್ ಮೆಷಿನ್, ಲ್ಯಾಮಿನೇಷನ್, ಎರಡು ಕಂಪ್ಯೂಟರ್. ಬಿಲ್ ಬುಕ್, ಕರಪತ್ರ ಎಲ್ಲ ಮಾಡುತ್ತೇವೆ. ಆದರೆ ಹೊಟ್ಟೆ ತುಂಬಿಸುವುದು ಮದುವೆ ಕಾರ್ಡು. ಈ ಲೈನಿನಲ್ಲಿ ಇರುವವರಿಗೆ ಗೊತ್ತು, ಶಿವಕಾಶಿಯ ರೆಡಿಮೇಡ್ ಕಾರ್ಡು ತರಿಸಿ ಹೆಸರು ಅಚ್ಚು ಹಾಕಿ ಕೊಟ್ಟರೆ ಉಳಿಯುವುದು ತೀರಾ ಕಮ್ಮಿ. ಒಳಗಡೆ ಹಾಕುವ ಗಣಪತಿ, ಬಾಳೆಕಂಬ, ವಾಲಗದವರು ಎಲ್ಲ ಅದೇ ಹಳೇ ಕ್ಲಿಪ್‌ಆರ್ಟ್, ಅಂದರೆ ಕಂಪ್ಯೂಟರಿನಲ್ಲಿ ರೆಡಿ ಸಿಗುವ ಚಿತ್ರ. ಬೀದರಿನ ಕಾರ್ಡಿನಲ್ಲೂ ಅದೇ ವಾಲಗದವರು, ಚಾಮರಾಜನಗರದ ಕಾರ್ಡಿನಲ್ಲೂ ಅವರೇ. ನನ್ನದೇ ಕೈಯ ಗೆರೆ ಬೇಕು ಅನ್ನೋ ಹಟ ಅಲ್ಲಿಂದ ಶುರುವಾಯಿತು.

ಕೈ ಪಳಗಬೇಕಾದರೆ ದಿನಾ ಗೀಚಬೇಕು. ಅದು ಎಲ್ಲರಿಗೂ ಗೊತ್ತು. ದಿನಾ ಗೀಚುವಂತೆ ಆಗುವುದು ಹೇಗೆ ಅನ್ನೋದಕ್ಕೇ ನನ್ನ ದುಡ್ಡು ನೀರಾಗಿ ಹರಿದಿದ್ದು.

ಮೊದಲು ಒಳ್ಳೇ ಸ್ಕೆಚ್‌ಬುಕ್ ತಂದೆ. 200 ಜಿಎಸ್‌ಎಂನ ದಪ್ಪ ಕಾಗದ, ಗಟ್ಟಿ ರಟ್ಟು, ಬೆಲೆ ಏಳುನೂರರ ಹತ್ತಿರ. ಜೊತೆಗೆ ಸಣ್ಣ ಗೆರೆಯ ಸಕುರಾ ಪಿಗ್ಮಾ ಮೈಕ್ರಾನ್ ಪೆನ್ನುಗಳ ಸೆಟ್. ಒಂದೊಂದು ಪೆನ್ನಿಗೂ ನೂರರ ಮೇಲೆ. ಅಷ್ಟು ಬೆಲೆಯ ಹಾಳೆಯ ಮೇಲೆ ಸುಮ್ನೆ ಗೀಚೋಕೆ ಕೈ ಬರಲೇ ಇಲ್ಲ. ಮೊದಲು ಪೆನ್ಸಿಲ್‌ನಲ್ಲಿ ಹಾಕಿ, ಅಳಿಸಿ, ಆಮೇಲೆ ಇಂಕ್ ಹಚ್ಚುತ್ತಿದ್ದೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಪ್ರೆಸ್ಸಿನಲ್ಲಿ ದಿನಾ ಒಂದು ಗಂಟೆ ಯಾರಿಗೆ ಪುರುಸೊತ್ತಿದೆ? ಕಾಲು ಭಾಗ ತುಂಬುವ ಹೊತ್ತಿಗೆ ಪುಸ್ತಕ ಕಪಾಟು ಸೇರಿತು.

ಆಮೇಲೆ ಡ್ರಾಯಿಂಗ್ ಟ್ಯಾಬ್ಲೆಟ್. ಐದು ಸಾವಿರದ ಆಸುಪಾಸು. ಅದು ಕೆಟ್ಟ ಸಾಧನ ಅಲ್ಲ, ಈಗಲೂ ಕರೆಕ್ಷನ್‌ಗೆ ಬಳಸುತ್ತೇನೆ. ಆದರೆ ಕಂಪ್ಯೂಟರ್ ಹಚ್ಚಿದ ಕೂಡಲೇ ಗ್ರಾಹಕರ ಕೆಲಸ ಕಣ್ಣಿಗೆ ಬೀಳುತ್ತದೆ. ಡಿಸೈನ್ ಮಾಡುವ ಕೋರಲ್ ಸಾಫ್ಟ್‌ವೇರ್ ತೆರೆದು ಮೈ ಬಿಟ್ಟು ಗೀಚೋದು ಸಾಧ್ಯವೇ ಇಲ್ಲ. ಒಂದು ಗೆರೆ ಹಾಕುವುದು, ಅಂಡೂ ಒತ್ತಿ ಅದನ್ನು ತೆಗೆಯುವುದು. ಇಡೀ ಸಂಜೆ ಅಷ್ಟೇ. ಅಂಡೂ ಇರುವ ಕಡೆ ಡೂಡ್ಲಿಂಗ್ ಬೆಳೆಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಆನ್‌ಲೈನ್ ಕೋರ್ಸ್‌ಗೂ ನಾಲ್ಕು ಸಾವಿರ ಕಟ್ಟಿದೆ. ಜೆನ್‌ಟ್ಯಾಂಗಲ್ ತರಹದ, ಒಂದೇ ಆಕಾರ ಮತ್ತೆ ಮತ್ತೆ ಬರುವ ಪ್ಯಾಟರ್ನ್‌ಗಳು. ಹಂತ ಹಂತವಾಗಿ ಹೇಳಿಕೊಟ್ಟರು, ನಾನೂ ಕಲಿತೆ. ಆದರೆ ಮುಗಿದ ಮೇಲೆ ನನ್ನ ಚಿತ್ರಕ್ಕೂ ಇನ್ನೊಬ್ಬರ ಚಿತ್ರಕ್ಕೂ ವ್ಯತ್ಯಾಸವೇ ಇರಲಿಲ್ಲ. ಕ್ಲಿಪ್‌ಆರ್ಟ್ ಬಿಟ್ಟು ಮತ್ತೊಂದು ಕ್ಲಿಪ್‌ಆರ್ಟ್ ಹಿಡಿದ ಹಾಗಾಯಿತು.

ಅಕ್ಟೋಬರಿನ ಇಂಕ್‌ಟೋಬರ್ ಕೂಡ ಹಿಡಿದೆ. 2009ರಲ್ಲಿ ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ಶುರು ಮಾಡಿದ್ದು. ದಿನಕ್ಕೊಂದು ಪದ, ಅದಕ್ಕೊಂದು ಇಂಕಿನ ಚಿತ್ರ, 31 ದಿನ. ಮೊದಲ ವಾರ ಹುಮ್ಮಸ್ಸು. ಆಮೇಲೆ ದಸರಾ, ಆಯುಧಪೂಜೆ, ಪ್ರೆಸ್ ತೊಳೆಯುವುದು, ಮೆಷಿನ್ ಪೂಜೆ. ಎರಡು ದಿನ ತಪ್ಪಿತು. ತಪ್ಪಿದ ಎರಡನ್ನೂ ಸೇರಿಸಿ ಮೂರನೇ ದಿನ ಮೂರು ಹಾಕಬೇಕು ಅನ್ನಿಸಿತು. ಅದು ಬಾಕಿ ಸಾಲದಂತೆ ಬೆಳೆಯಿತು. ಕೈಬಿಟ್ಟೆ. ಇದರಿಂದ ನನಗೊಂದು ವಿಷಯ ಖಾತ್ರಿಯಾಯಿತು. ದಿನ ಎಣಿಸುವ ಪದ್ಧತಿ ನಮ್ಮಂಥ ಸೀಸನ್ ಕಸುಬಿನವರಿಗೆ ಆಗಿಬರಲ್ಲ. ವೈಶಾಖದಲ್ಲಿ ಒಂದು ದಿನ ತಪ್ಪಿಯೇ ತಪ್ಪುತ್ತದೆ, ಸರಪಳಿ ಕಡಿಯುತ್ತದೆ, ಅದರ ಜೊತೆ ಮನಸ್ಸೂ.

ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು. ಪಾಲುದಾರನ ಲೆಕ್ಕದಲ್ಲಿ ಇನ್ನೂ ಜಾಸ್ತಿ.

ದಾರಿ ಸಿಕ್ಕಿದ್ದು 2023ರ ಮಳೆಗಾಲದಲ್ಲಿ. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು ನೋಡಿ. ಎರಡು ತಿಂಗಳು ಮದುವೆ ಕಾರ್ಡಿನ ಮಾತೇ ಇಲ್ಲ. ಇದ್ದಿದ್ದು ಶಾಲೆಯ ರಸೀದಿ ಪುಸ್ತಕ, ಬ್ಯಾಂಕಿನ ಚಲನ್. ಕಟಿಂಗ್ ಮೆಷಿನ್ ಪಕ್ಕದಲ್ಲಿ ಬೋರ್ಡಿನ ಪಟ್ಟಿಗಳ ರಾಶಿ ಬಿದ್ದಿತ್ತು. ಒಂದರಿಂದ ಒಂದೂವರೆ ಇಂಚು ಅಗಲ, ಹತ್ತು ಹನ್ನೆರಡು ಇಂಚು ಉದ್ದ. ಕಾರ್ಡ್ ಕತ್ತರಿಸಿ ಉಳಿದದ್ದು. ಕೆಜಿ ಲೆಕ್ಕದಲ್ಲಿ ರದ್ದಿಗೆ ಹೋಗುವ ಮಾಲು. ಅದರ ಮೇಲೆ ಹತ್ತು ರೂಪಾಯಿ ಜೆಲ್ ಪೆನ್ನಿನಲ್ಲಿ ಗೀಚಲು ಶುರು ಮಾಡಿದೆ. ಕೈ ಹೆದರಲಿಲ್ಲ. ಹಾಳಾದರೆ ಹಾಳಾಗಲಿ, ಹೇಗೂ ರದ್ದಿ ತಾನೇ?

ಪಟ್ಟಿಯ ಆಕಾರದಿಂದ ಇನ್ನೊಂದು ಉಪಕಾರವಾಯಿತು. ಚೌಕ ಹಾಳೆ ಕಂಡರೆ "ಚಿತ್ರ" ಬರೆಯಬೇಕು ಅನ್ನಿಸುತ್ತದೆ. ಪಟ್ಟಿ ಕಂಡರೆ ಹಾಗಿಲ್ಲ. ಎಡಗಡೆಯಿಂದ ಹೊರಟು ಬಲಗಡೆಗೆ ಹೋಗುವುದು ಅಷ್ಟೇ. ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಕಾಗದದ ವಿಷಯದಲ್ಲಿ ಒಂದು ಮಾತು. ಎರಡೂ ಕಡೆ ಹೊಳಪಿರುವ ಆರ್ಟ್ ಕಾರ್ಡ್ ಬೇಡವೇ ಬೇಡ. ಕೋಟಿಂಗ್ ಇಂಕನ್ನು ಹೀರಲ್ಲ. ಜೆಲ್ ಆಗಲಿ ಮೈಕ್ರಾನ್ ಆಗಲಿ, ಅಂಗೈ ತಾಗಿದರೆ ಬಳಿದುಕೊಂಡು ಹೋಗುತ್ತದೆ. ಟೆಕ್ಸ್ಚರ್ ಬೋರ್ಡ್ ನೋಡಲು ಚೆಂದ, ಆದರೆ ಮೈಕ್ರಾನಿನ ಮೂತಿಯನ್ನು ವಾರದಲ್ಲಿ ತಿಂದುಹಾಕುತ್ತದೆ. ಮೆಟಾಲಿಕ್ ಬೋರ್ಡಿನಲ್ಲಿ ಗೆರೆ ಒಡೆಯುತ್ತದೆ. ಒಂದು ಕಡೆ ಮಾತ್ರ ಕೋಟಿಂಗ್ ಇರುವ ಬೋರ್ಡಿನ ಹಿಂಬದಿ ಅಥವಾ ಕೋಟಿಂಗ್ ಇಲ್ಲದ ದಪ್ಪ ಮ್ಯಾಪ್‌ಲಿಥೋ ಕಾಗದ, ಇವೆರಡೇ ನನಗೆ ಒಗ್ಗಿದ್ದು. ಗೆರೆ ಚೂಪಾಗಿ ಕೂರುತ್ತದೆ, ಬೇಗ ಒಣಗುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಸಂಕಟ ಇದೆ. ಜೂನ್ ಬಂದರೆ ಕಾಗದವೆಲ್ಲ ತೇವ. ಗೆರೆ ಹಬ್ಬಿಕೊಳ್ಳುತ್ತದೆ, ಕಟ್ಟಿಟ್ಟ ಪಟ್ಟಿಗೆ ಬೂಸ್ಟು ಬರುತ್ತದೆ. ಮೊದಲ ಮಳೆಗಾಲದ ಅರ್ಧಕ್ಕರ್ಧ ಪಟ್ಟಿಗಳು ಹಾಗೇ ಹೋದವು. ಈಗ ಖಾಲಿ ಪಟ್ಟಿಗಳನ್ನು ಲ್ಯಾಮಿನೇಷನ್ ಮೆಷಿನ್ ಮೇಲೆ ಇಡುತ್ತೇನೆ. ಬೆಳಗ್ಗೆ ಮೆಷಿನ್ ಬಿಸಿಯಾಗುವ ಹೊತ್ತಿಗೆ ಪಟ್ಟಿಯೂ ಗರಿಗರಿ. ಮುಗಿದದ್ದನ್ನು ಬಿಸ್ಕತ್ತಿನ ಡಬ್ಬದಲ್ಲಿ, ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಹಾಕುತ್ತೇನೆ. ಆಮೇಲೆ ಒಂದೂ ಹಾಳಾಗಿಲ್ಲ.

ಹೊತ್ತು ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಗೀಚುವುದು ನನ್ನಿಂದ ಆಗಲಿಲ್ಲ. ನನ್ನ ಗೀಚಾಟ ಮೆಷಿನ್ ಕಾಯುವ ಹೊತ್ತಿಗೆ ಕಟ್ಟಿಹಾಕಿದ್ದು. ಲ್ಯಾಮಿನೇಟರ್ ಬಿಸಿಯಾಗಬೇಕು, ಸ್ಕ್ರೀನ್ ಒಣಗಬೇಕು, ದೊಡ್ಡ ಫೈಲ್ ಪ್ರಿಂಟಿಗೆ ಹೋಗಬೇಕು. ಈ ಹೊತ್ತಿನಲ್ಲಿ ಎಲ್ಲರ ಕೈಯೂ ಮೊಬೈಲಿಗೆ ಹೋಗುತ್ತದೆ ಅಲ್ವಾ? ನಾನು ಪ್ರತಿ ಮೆಷಿನ್ ಪಕ್ಕದಲ್ಲೂ ನಾಲ್ಕು ಪಟ್ಟಿ, ದಾರ ಕಟ್ಟಿದ ಒಂದು ಪೆನ್ ಇಟ್ಟೆ. ಹುಡುಕಾಟ ಇಲ್ಲ, ತಯಾರಿ ಇಲ್ಲ. ಮೆಷಿನ್ ಕೆಂಪು ದೀಪ ತೋರಿಸಿದರೆ ಪೆನ್ ಕೈಗೆ ಬರುತ್ತದೆ, ಹಸಿರು ಬಂದರೆ ಕೆಳಗೆ ಹೋಗುತ್ತದೆ. ಗೆರೆ ಅರ್ಧಕ್ಕೆ ನಿಂತಿರುತ್ತದೆ. ಬೇಕೆಂದೇ ಹಾಗೆ ಬಿಡುತ್ತೇನೆ. ಅರ್ಧಕ್ಕೆ ನಿಂತ ಗೆರೆ ಕಣ್ಣಿಗೆ ಬಿದ್ದರೆ ಕೈ ತಾನಾಗಿ ಮುಂದುವರಿಸುತ್ತದೆ. ಖಾಲಿ ಪಟ್ಟಿಗೆ ಆ ಶಕ್ತಿ ಇಲ್ಲ. ಹಾಗಾಗಿ ಸಂಜೆ ಬಾಗಿಲು ಹಾಕುವಾಗ ಎಲ್ಲ ಮೆಷಿನ್ ಪಕ್ಕದಲ್ಲೂ ಒಂದಾದರೂ ಅರ್ಧ ಪಟ್ಟಿ ಇರಲೇಬೇಕು. ಇದೊಂದೇ ನನ್ನ ನಿಯಮ.

ತಾರೀಖು ಹಾಕುವುದಿಲ್ಲ. ಎಣಿಸುವುದಿಲ್ಲ. ಗೀಚಿದ ದಿನವೇ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವುದೂ ಇಲ್ಲ. ಎಲ್ಲವೂ ಡಬ್ಬಕ್ಕೆ. ಆರಿಸುವುದು ಆಷಾಢದಲ್ಲಿ ಮಾತ್ರ.

ಇನ್ನು ಖಾಲಿ ಪಟ್ಟಿಯಲ್ಲಿ ಎಲ್ಲಿಂದ ಶುರು ಮಾಡೋದು ಅನ್ನೋ ಪ್ರಶ್ನೆ. ಅದಕ್ಕೆ ಉತ್ತರ ಮನೆ ಬಾಗಿಲಲ್ಲೇ ಇತ್ತು, ಚುಕ್ಕಿ ರಂಗೋಲಿ. ಮೊದಲು ಚುಕ್ಕಿ ಇಟ್ಟುಬಿಟ್ಟರೆ ಪಟ್ಟಿ ಖಾಲಿ ಅನ್ನಿಸುವುದೇ ಇಲ್ಲ. ಚುಕ್ಕಿಯನ್ನು ಬಳಸಿ ಸುತ್ತುವ ಎಳೆ ರಂಗೋಲಿಯನ್ನೇ ಜಾಸ್ತಿ ಹಿಡಿದೆ. ಒಂದು ಇಂಚಿನ ಪಟ್ಟಿಗೆ ಅಡ್ಡ ಮೂರು ಚುಕ್ಕಿ ಸರಿಹೊಂದುತ್ತದೆ.

ಇದನ್ನು ತಿಂಗಳುಗಟ್ಟಲೆ ಹಾಕುತ್ತಾ ಒಂದು ಲೆಕ್ಕ ಕೈಗೆ ಹತ್ತಿತು. ಮೂರು ಸಾಲು ಚುಕ್ಕಿ, ಉದ್ದಕ್ಕೆ ಹತ್ತು. ಒಂದು ಮೂಲೆಯಿಂದ ಓರೆಯಾಗಿ ಹೊರಟು, ಅಂಚಿಗೆ ತಾಗಿದಾಗ ತಿರುಗಿ, ಪ್ರತಿ ಎರಡು ಚುಕ್ಕಿಯ ನಡುವೆ ದಾಟುತ್ತಾ ಹೋದರೆ ಪೆನ್ ಎತ್ತದೆ ಹೊರಟ ಜಾಗಕ್ಕೇ ಬರುತ್ತೀರಿ. ಎಲ್ಲ ಚುಕ್ಕಿಯನ್ನೂ ಸುತ್ತಿ ಆಗಿರುತ್ತದೆ. ಹನ್ನೊಂದು ಇಟ್ಟರೂ ಹಾಗೇ. ಹನ್ನೆರಡು ಇಟ್ಟರೆ ಆಗಲ್ಲ! ಎಳೆ ಬೇಗ ಮುಚ್ಚಿಕೊಳ್ಳುತ್ತದೆ, ಒಟ್ಟು ಮೂರು ಬೇರೆ ಬೇರೆ ಎಳೆ ಬೇಕಾಗುತ್ತದೆ. ಎರಡೂ ಕಡೆಯ ಚುಕ್ಕಿಯನ್ನು ಭಾಗಿಸುವ ಅತಿ ದೊಡ್ಡ ಸಂಖ್ಯೆ ಎಷ್ಟೋ ಅಷ್ಟು ಎಳೆ. 3 ಮತ್ತು 4 ಇಟ್ಟರೆ ಒಂದೇ ಎಳೆ. 4 ಮತ್ತು 6 ಇಟ್ಟರೆ ಎರಡು. 4 ಮತ್ತು 4 ಇಟ್ಟರೆ ನಾಲ್ಕು. ಬಾರ್ಡರ್ ಮಾಡುವವರಿಗೆ ಇದು ಚಿನ್ನದಂಥ ವಿಷಯ. ಮೂರು ಸಾಲಿನ ಪಟ್ಟಿ ಹಾಕುವಾಗ ಉದ್ದ ಮೂರರಿಂದ ಭಾಗವಾಗದಂತೆ ನೋಡಿಕೊಂಡರೆ ಸಾಕು.

ಕಾರ್ಡಿನ ಅಳತೆಗೆ ಹನ್ನೆರಡೇ ಬೇಕು ಅಂದಾಗಲೂ ದಾರಿ ಇದೆ. ಎರಡು ಬೇರೆ ಎಳೆ ಒಂದನ್ನೊಂದು ದಾಟುವ ಒಂದು ಜಾಗ ಹುಡುಕಿ. ಅಲ್ಲಿ ದಾಟಿಸಬೇಡಿ, ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ತಿರುಗಿಸಿ. ಎರಡು ಎಳೆ ಸೇರಿ ಒಂದಾಗುತ್ತದೆ. ಇನ್ನೊಂದು ಕಡೆ ಮೂರನೆಯದನ್ನೂ ಹಾಗೇ ಸೇರಿಸಿ. ಎಲ್ಲಿ ಸೇರಿಸಿದರೆ ನೋಡಲು ಚೆಂದ ಅನ್ನೋದು ನನ್ನ ಕೈಗುಟ್ಟು. ಅದನ್ನು ಇಲ್ಲಿ ಬರೆಯಲ್ಲ. ನೀವು ನೂರು ಪಟ್ಟಿ ಹಾಕಿ, ನಿಮಗೇ ಹೊಳೆಯುತ್ತದೆ.

ಫೋನಿನ ಗೀಚಾಟದ ಬಗ್ಗೆಯೂ ಹೇಳಬೇಕು. ಸುಖಾಗಮನ ಬಯಸುವವರ ಹೆಸರುಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದು ಎಂಥ ಕೆಲಸ ಅಂತ ಪ್ರೆಸ್ಸಿನವರಿಗೆ ಗೊತ್ತು. ಅಜ್ಜ, ದೊಡ್ಡಪ್ಪ, ಸೋದರಮಾವ, ಅವರ ಮನೆಯವರು, ನಡುವೆ ಯಾರದೋ ಹೆಸರು ಬಿಟ್ಟು ಹೋಗಿ ಮತ್ತೆ ಮೊದಲಿಂದ. ಆ ಹೊತ್ತಿಗೆ ಎಡಗಡೆ ಹೆಸರು ಬರೆಯುವ ಹಾಳೆ, ಬಲಗಡೆ ಪಟ್ಟಿ ಇಟ್ಟುಕೊಳ್ಳುತ್ತೇನೆ. ಅವರು ಯೋಚನೆ ಮಾಡುವಾಗ ನಾನು ಗೀಚುತ್ತೇನೆ. "ಗಮನ ಕೊಡಲ್ಲ, ಹೆಸರು ತಪ್ಪಿಸ್ತೀಯ" ಅಂತ ಪಾಲುದಾರನ ತಕರಾರು. ನಡೆದದ್ದು ಉಲ್ಟಾ. ಪ್ರೂಫಿನಲ್ಲಿ ಹೆಸರಿನ ತಿದ್ದುಪಡಿ ಕಮ್ಮಿಯಾಯಿತು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 2009ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. 40 ಜನಕ್ಕೆ ಬೇಜಾರು ಹಿಡಿಸುವ ಒಂದು ಫೋನ್ ಸಂದೇಶ ಕೇಳಿಸಿದರು. ಪಾರ್ಟಿಗೆ ಯಾರು ಬರ್ತಾರೆ ಅನ್ನೋ ಹೆಸರುಗಳನ್ನು ಬರೆದುಕೊಳ್ಳಬೇಕಿತ್ತು. ಅರ್ಧ ಜನ ಕೇಳುತ್ತಲೇ ಸಣ್ಣ ಆಕಾರಗಳಿಗೆ ಗೆರೆ ತುಂಬುತ್ತಿದ್ದರು. ಆಮೇಲೆ ನೆನಪು ಕೇಳಿದಾಗ ಗೆರೆ ತುಂಬಿದವರು 29 ಶೇಕಡಾ ಜಾಸ್ತಿ ಹೇಳಿದರು. ನಮ್ಮ ಮದುವೆ ಕಾರ್ಡಿನ ಫೋನಿಗೂ ಅದಕ್ಕೂ ಏನು ದೂರ ಹೇಳಿ? ಇದನ್ನು ಪಾಲುದಾರನಿಗೆ ಓದಿ ಹೇಳಿದ ಮೇಲೆ ತಕರಾರು ನಿಂತಿತು.

ಅಡ್ಡದಾರಿಯ ಪ್ರಯೋಗ ಸುಮಾರು ಮಾಡಿದ್ದೇನೆ. ಧಾರವಾಡದ ಕಡೆಯ ಸಂಬಂಧಿಕರ ಮನೆಯಲ್ಲಿ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವುದನ್ನು ಹತ್ತಿರ ಕೂತು ನೋಡಿದೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾರೆ, ಬರುವಾಗ ಬಿಟ್ಟದ್ದನ್ನು ತುಂಬುತ್ತಾರೆ. ಗಂಟು ಇಲ್ಲ, ಎರಡೂ ಬದಿ ಒಂದೇ ಥರ. ಅದನ್ನು ಪೆನ್ನಿನಲ್ಲಿ ಹಿಡಿದೆ. ಮೆಷಿನ್ ಬಿಸಿಯಾಗುವಾಗ ಹೋಗುವ ಗೆರೆ, ಮುಂದಿನ ಸಲ ಬರುವ ಗೆರೆ. ಅರ್ಧಕ್ಕೆ ಬಿಡುವ ನನ್ನ ನಿಯಮಕ್ಕೆ ಇದು ಹೇಳಿ ಮಾಡಿಸಿದ್ದು. ತುಂಡು ಗೆರೆಗಳ ಗೋಪುರ, ತುಳಸಿಕಟ್ಟೆ ಕಾದು ಕೂತಿರುತ್ತದೆ. ಗವಂತಿ ಪಟ್ಟಿಗಳು ಈಗ ನನ್ನ ಒಳ್ಳೇ ಬಾರ್ಡರುಗಳಲ್ಲಿ ಸೇರಿವೆ.

ಹಸೆ ಚಿತ್ತಾರ ನಮ್ಮ ಊರಿನದೇ. ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆಯುತ್ತಾರೆ. ಕುಂಚ ಅಂದರೆ ಪುಂಡಿನಾರು. ನಾನೂ ಪುಂಡಿನಾರು ತಂದು ಇಂಕಿನಲ್ಲಿ ಅದ್ದಿ ನೋಡಿದೆ. ಎರಡು ತಿಂಗಳು ಬರೀ ಮಸಿ ಕಲೆ. ಪೆನ್ನಿನ ಇಂಕ್ ತೀರಾ ತೆಳು, ನಾರಿನಲ್ಲಿ ನಿಲ್ಲದೆ ಸುರಿಯುತ್ತದೆ. ಕೊನೆಗೆ ಇಂಕಿಗೆ ಅಡುಗೆಮನೆಯ ಒಂದು ಪದಾರ್ಥ ಬೆರೆಸಿದೆ, ಗೆರೆ ನಿಂತಿತು. ಯಾವ ಪದಾರ್ಥ ಅಂತ ಕೇಳಬೇಡಿ. ಆ ಗೆರೆಯ ನೇರ, ಆ ತೂಕ ಅವರ ಕೈಗೆ ಬರುವಂತೆ ನನಗೆ ಬಂದಿಲ್ಲ. ಅದು ಮದುವೆ ಮನೆಯಲ್ಲಿ ಹಾಡಿಕೊಂಡು ಬರೆಯುವವರ ಕಲೆ. ಹಾಗಾಗಿ ಚಿತ್ತಾರವನ್ನು ಕಾರ್ಡಿಗೆ ಬಳಸುವುದಿಲ್ಲ. ಯಾರಾದರೂ ಚಿತ್ತಾರದ ಕಾರ್ಡೇ ಬೇಕು ಅಂದರೆ ಬರೆಯುವವರ ಹತ್ತಿರವೇ ಬರೆಸಿ, ಅವರಿಗೆ ದುಡ್ಡು ಕೊಡಿಸುತ್ತೇನೆ.

ಎಡಗೈ ಗೀಚಾಟವನ್ನೂ ಒಂದು ಮಳೆಗಾಲ ಮಾಡಿದೆ. ಮಜಾ ಇತ್ತು, ಪ್ರಯೋಜನ ಕಾಣಲಿಲ್ಲ.

ಪಟ್ಟಿಯಿಂದ ಕಾರ್ಡಿಗೆ ತರುವ ಕೆಲಸ ಚುಟುಕಾಗಿ ಹೇಳುತ್ತೇನೆ. 600 ಡಿಪಿಐನಲ್ಲಿ ಸ್ಕ್ಯಾನ್, ಕಪ್ಪು ಬಿಳುಪು ಮಾಡಿ ಕೋರಲ್‌ನ ಪವರ್‌ಟ್ರೇಸ್‌ಗೆ ಹಾಕಿದರೆ ಸ್ಕ್ಯಾನಿನ ಗೆರೆ ತಿದ್ದಬಹುದಾದ ಗೆರೆಯಾಗುತ್ತದೆ. ಗೆರೆ ತಿರುಗುವ ಬಿಂದುಗಳನ್ನು, ಅಂದರೆ ನೋಡ್‌ಗಳನ್ನು ಕಮ್ಮಿ ಮಾಡುವಾಗ ಕೈ ಬಿಗಿ ಹಿಡಿಯಿರಿ. ತೀರಾ ನುಣ್ಣಗೆ ಮಾಡಿದರೆ ಕೈಬರಹದ ಜೀವ ಹೋಗಿ ಮತ್ತೆ ಕ್ಲಿಪ್‌ಆರ್ಟ್ ಆಗುತ್ತದೆ. ನಾನು ಕಾರ್ಡಿನ ಅಳತೆಯಲ್ಲೇ ಗೀಚುತ್ತೇನೆ. 05 ಮೈಕ್ರಾನಿನ ಗೆರೆ 0.45 ಮಿಮೀ. ಅದನ್ನು ಅರ್ಧಕ್ಕೆ ಇಳಿಸಿದರೆ ನಮ್ಮ ಸ್ಕ್ರೀನಿನಲ್ಲಿ ಗೆರೆ ತುಂಡಾಗುತ್ತದೆ. ಇಷ್ಟು ತಿಳಿಯಲು ಒಂದು ಮದುವೆಯ ಇನ್ನೂರು ಕಾರ್ಡು ಮತ್ತೆ ಹೊಡೆಯಬೇಕಾಯಿತು. ಬೋರ್ಡು, ಕೂಲಿ ಸೇರಿ ಮೂರು ಸಾವಿರ ಕೈಯಿಂದ ಹೋಯಿತು.

ಈಗ ಬರುವ ದುಡ್ಡು. ಖಾಸಾ ಬಾರ್ಡರ್ ಬೇಕು ಅಂದವರಿಗೆ ಡಿಸೈನ್‌ಗೆ 600ರಿಂದ 1000 ಜಾಸ್ತಿ ಹಾಕುತ್ತೇನೆ. ಮೊದಲ ವರ್ಷ ಬೆರಳೆಣಿಕೆಯ ಜನ. ಹೋದ ಸೀಸನ್‌ನಲ್ಲಿ ಮಾಘದಿಂದ ಜ್ಯೇಷ್ಠದವರೆಗೆ ಬಾರ್ಡರಿನದೇ 40 ಸಾವಿರದ ಹತ್ತಿರ ಬಂದಿರಬೇಕು. ಖರ್ಚು ತಿಂಗಳಿಗೆ ಪೆನ್ನಿಗೆ ನೂರೋ ನೂರೈವತ್ತೋ. ಕಾಗದಕ್ಕೆ ಸೊನ್ನೆ. ಅದಕ್ಕಿಂತ ಮುಖ್ಯ, ಬಾರ್ಡರ್ ನೋಡಿ ಬಂದವರು ರೆಡಿಮೇಡ್ ಕಾರ್ಡ್ ಕೇಳುವುದಿಲ್ಲ. ಬೋರ್ಡ್, ಅಚ್ಚು, ಕವರ್ ಎಲ್ಲ ನಮ್ಮಲ್ಲೇ. ಶಿರಸಿ, ಸೊರಬ, ಹೊಸನಗರದಿಂದಲೂ ಬರುತ್ತಿದ್ದಾರೆ. ಅಮೆರಿಕದಲ್ಲಿರುವ ಹುಡುಗನೊಬ್ಬ ಊರಿನ ಮದುವೆಗೆ ಅಂತ ತನ್ನ ಅಜ್ಜಿ ಹಾಕುತ್ತಿದ್ದ ರಂಗೋಲಿಯ ಫೋಟೊ ಕಳಿಸಿ, ಅದನ್ನೇ ಎಳೆ ಬಾರ್ಡರ್ ಮಾಡಿಸಿಕೊಂಡ. ಆ ಕೆಲಸದ ಬಗ್ಗೆ ನನಗೆ ಬಹಳ ಹೆಮ್ಮೆ ಇದೆ.

ಬೇಜಾರೂ ಇದೆ. ಒಬ್ಬ ಹೋಲ್‌ಸೇಲ್ ವ್ಯಾಪಾರಿ ನನ್ನ ಗವಂತಿ ಬಾರ್ಡರನ್ನು ಕಾರ್ಡಿನಿಂದಲೇ ಸ್ಕ್ಯಾನ್ ಮಾಡಿ ತನ್ನ ಕ್ಯಾಟಲಾಗಿಗೆ ಹಾಕಿಕೊಂಡ. ಕೇಳಿದರೆ "ರಂಗೋಲಿಗೆಲ್ಲ ಯಾರು ಯಜಮಾನರು" ಅಂದ. ರಂಗೋಲಿಗೆ ಯಜಮಾನರಿಲ್ಲ, ನಿಜ. ಆ ಗೆರೆಗೆ ಇದ್ದಾರೆ. ಆವತ್ತಿನಿಂದ ಪ್ರತಿ ಬಾರ್ಡರಿನಲ್ಲೂ ಒಂದು ಕಡೆ ನನ್ನದೇ ಗುರುತು ಸೇರಿಸುತ್ತೇನೆ. ಎಳೆಯೊಳಗೆ ಎಳೆಯಾಗಿ ಇರುತ್ತದೆ, ಹುಡುಕಿದರೂ ಸುಲಭಕ್ಕೆ ಸಿಗಲ್ಲ.

ಶುರುವಿನಲ್ಲಿ "ಡೂಡ್ಲಿಂಗ್ ಕಲೆಯಲ್ಲ, ಕೈ ಚಪಲ" ಅಂದಿದ್ದ ಚಿತ್ರಕಾರ ಗೆಳೆಯನೊಬ್ಬ ಹೋದ ತಿಂಗಳು ಪ್ರೆಸ್ಸಿಗೆ ಬಂದಿದ್ದ. ಡಬ್ಬಗಳನ್ನು ತೆರೆದು ಮಧ್ಯಾಹ್ನ ಪೂರ್ತಿ ಪಟ್ಟಿ ನೋಡಿದ. ಹೋಗುವಾಗ ಒಂದು ಕಟ್ಟು ಖಾಲಿ ಪಟ್ಟಿ ಕೇಳಿ ತೆಗೆದುಕೊಂಡು ಹೋದ. ಕೊಟ್ಟೆ, ಹಿಂಬದಿ ಕೋಟಿಂಗ್ ಇಲ್ಲದ್ದನ್ನೇ ಆರಿಸಿ ಕೊಟ್ಟೆ.

ಈಗ ಐದು ಸಾಲಿನ ಪಟ್ಟಿ ಹಿಡಿದಿದ್ದೇನೆ. ಅಗಲ ಒಂದೂವರೆ ಇಂಚು. ಐದಕ್ಕೆ ಹನ್ನೆರಡು ಒಂದೇ ಎಳೆಯಲ್ಲಿ ಬರುತ್ತದೆ, ಕಾರ್ಡಿನ ಅಳತೆಗೂ ಸರಿ. ಆದರೆ ಗೆರೆ ಬಹಳ ಒತ್ತಾಗಿ, ಚಿನ್ನದ ಇಂಕಿನಲ್ಲಿ ಸ್ಕ್ರೀನ್ ಹೊಡೆದರೆ ಚುಕ್ಕಿಗಳು ತುಂಬಿಕೊಳ್ಳುತ್ತಿವೆ. ಚುಕ್ಕಿಯನ್ನು ಬಿಟ್ಟು ಬರೀ ಎಳೆ ಉಳಿಸಿ ನೋಡಬೇಕು. ಸ್ಕ್ರೀನಿನ ಮೆಶ್ (ಜಾಲರಿ ಬಟ್ಟೆ) ಬದಲಿಸಿದರೆ ಸರಿಹೋಗಬಹುದು ಅಂತ ಪಾಲುದಾರ ಹೇಳುತ್ತಿದ್ದಾನೆ. ಬರುವ ಆಷಾಢದೊಳಗೆ ಎರಡನ್ನೂ ಹೊಡೆದು ನೋಡುತ್ತೇವೆ.